ಮೂವತ್ತಾರು ಹಾಳೆಗಳ ಮಹಾದ್ವಾರ

ಪ್ರಾಚೀನ ರೋಮಿನ ಚಕ್ರವರ್ತಿಗಳು ಯುದ್ಧದಲ್ಲಿ ಗೆದ್ದು ಬಂದಾಗ ಕಲ್ಲಿನ ವಿಜಯದ್ವಾರಗಳನ್ನು ಕಟ್ಟಿಸುತ್ತಿದ್ದರೆಂಬುದನ್ನು ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲರು. ಟೈಟಸನ ದ್ವಾರ, ಕಾನ್‌ಸ್ಟಂಟೈನನ ದ್ವಾರ ಇವು ಆ ನಗರದಲ್ಲಿ ಇಂದಿಗೂ ನಿಂತಿರುವುವು. ಆ ಚಕ್ರವರ್ತಿಗಳ ಬಿರುದನ್ನೇ ಧರಿಸಿ, ಅವರಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ ಜರ್ಮನಿಯ ನೆಲದಲ್ಲಿ ಆಳಿದ ಒಂದನೆಯ ಮ್ಯಾಕ್ಸಿಮಿಲಿಯನ್ (೧೪೫೯–೧೫೧೯) ಎಂಬ ದೊರೆಯು ತಾನೂ ಒಂದು ವಿಜಯದ್ವಾರವನ್ನು ಮಾಡಿಸಿದನು. ಅದಕ್ಕೆ ಮೂರು ಬಾಗಿಲುಗಳಿದ್ದುವು. ಕಂಬಗಳು, ಕಮಾನುಗಳು, ಶಿಖರಗಳು, ಇಕ್ಕೆಲಗಳಲ್ಲಿ ದುಂಡು ಗೋಪುರಗಳು, ದೊರೆಯ ವಂಶವೃಕ್ಷ, ಅವನ ಯುದ್ಧವಿವಾಹಾದಿಗಳ ಚಿತ್ರಗಳು, ಎಲ್ಲವೂ ಇದ್ದುವು. ಕಲ್ಲೊಂದು ಮಾತ್ರ ಇರಲಿಲ್ಲ. ಅದು ಕಾಗದದ ದ್ವಾರ. ೧೯೫ ಮರದ ಅಚ್ಚುಹಲಗೆಗಳಿಂದ ೩೬ ಹಾಳೆಗಳ ಮೇಲೆ ಮುದ್ರಿಸಿ, ಹಾಳೆಗೆ ಹಾಳೆಯನ್ನು ಕೂಡಿಸಿ ಗೋಡೆಗೆ ಹಚ್ಚಿದರೆ ಹನ್ನೊಂದು ಅಡಿಗೆ ಮೀರಿದ ಎತ್ತರವೂ ಒಂಬತ್ತೂವರೆ ಅಡಿಯಷ್ಟು ಅಗಲವೂ ಆಗುತ್ತಿದ್ದಿತು. ಮುದ್ರಣಕಲೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಚಿತ್ರಗಳು ಇಂದಿಗೂ ವಿರಳವೆಂದೇ ಹೇಳಬೇಕು.

ಒಂದೇ ಚಿತ್ರವನ್ನು ಮೂವತ್ತಾರು ತುಂಡುಗಳಾಗಿ ಅಚ್ಚುಹಾಕಿ ಮತ್ತೆ ಕೂಡಿಸುವ ಈ ಪ್ರಯಾಸವು ಏಕೆ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ಆ ಕಾಲದಲ್ಲಿ ಕಾಗದವು ಹೇಗೆ ಹುಟ್ಟುತ್ತಿದ್ದಿತೆಂಬುದನ್ನು ನೋಡಬೇಕು. ಹಳೆಯ ನಾರುಬಟ್ಟೆಯ ಚಿಂದಿಗಳನ್ನು ನೀರಿನಲ್ಲಿ ಕೊಳೆಹಾಕಿ, ಕುಟ್ಟಿ, ಗಂಜಿಯಂತೆ ಮಾಡಿ ತೊಟ್ಟಿಯಲ್ಲಿ ತುಂಬುವರು. ತಂತಿಯ ಜಾಲರಿಯನ್ನು ಹೊಂದಿಸಿದ ಮರದ ಚೌಕಟ್ಟನ್ನು ಒಬ್ಬಾತನು ಎರಡು ಕೈಗಳಿಂದ ಹಿಡಿದು ತೊಟ್ಟಿಯಲ್ಲಿ ಮುಳುಗಿಸಿ ಸಮನಾಗಿ ಮೇಲೆತ್ತುವನು. ನೀರು ಸೋರಿ, ಜಾಲರಿಯ ಮೇಲೆ ಉಳಿದ ತೆಳುವಾದ ಪದರವೇ ಒಂದು ಹಾಳೆ. ಆದುದರಿಂದ ಹಾಳೆಯ ಗಾತ್ರಕ್ಕೆ ಮೇರೆಯು ಆ ಕೆಲಸಗಾರನ ತೋಳುಗಳ ನೀಳವೇ ಸರಿ. ನೀರು ತುಂಬಿದ ಚೌಕಟ್ಟಿನ ಭಾರವನ್ನು ಅವನ ರಟ್ಟೆಗಳು ದಿನವೆಲ್ಲ ತಾಳಬೇಕಷ್ಟೆ. ಹದಿನಾಲ್ಕನೆಯ ಶತಮಾನದ ಇಟಲಿಯ ಬೊಲೋನ್ಯ ನಗರದಲ್ಲಿ ಕಾಗದದ ನಾಲ್ಕು ಅಳತೆಗಳನ್ನು ಒಂದು ಕಲ್ಲಿನ ಮೇಲೆ ಕೆತ್ತಿ ಎಲ್ಲರೂ ಕಾಣುವಂತೆ ನಿಲ್ಲಿಸಿದ್ದರು. ಅವುಗಳಲ್ಲಿ ಅತ್ಯಂತ ದೊಡ್ಡದಾದ ‘ಇಂಪೀರಿಯಲ್’ ಎಂಬುದು ಉದ್ದದಲ್ಲಿ ೨೯ ಅಂಗುಲ, ಅಗಲದಲ್ಲಿ ೨೦ ಅಂಗುಲ, ಹೆಚ್ಚುಕಡಮೆ ಇಷ್ಟೆ. ಹೆಸರು ಚಕ್ರವರ್ತಿಯದು, ಅಳತೆ ಕೂಲಿಯವನ ತೋಳಿನದು. ಮುದ್ರಣಯಂತ್ರವೂ ದ್ರಾಕ್ಷಿಯನ್ನು ಹಿಂಡುವ ತಿರುಪಿನ ಯಂತ್ರದ ಬಂಧುವಾಗಿದ್ದು, ಒಬ್ಬನು ಹಿಡಿಯನ್ನೆಳೆದು ಒತ್ತಬಹುದಾದಷ್ಟು ವಿಸ್ತಾರದ ಮೇಲೆ ಮಾತ್ರವೇ ಅಚ್ಚು ಸಮನಾಗಿ ಬೀಳುತ್ತಿದ್ದಿತು.

ನಮ್ಮಲ್ಲಿ ಈ ತೊಡಕು ಬೇರೆ ರೂಪದಲ್ಲಿದ್ದಿತು. ತಾಳೆಯೋಲೆಯು ಉದ್ದಕ್ಕೆ ಬೆಳೆಯುವುದೇ ಹೊರತು ಅಗಲಕ್ಕೆ ಬೆಳೆಯಲಾರದು. ದೊಡ್ಡ ಚಿತ್ರವನ್ನು ಜನರ ಮುಂದೆ ಬಿಡಿಸಿ ತೋರಿಸಬೇಕಾದಾಗ ಹಿಂದಿನವರು ಬಟ್ಟೆಯನ್ನು ಆಶ್ರಯಿಸಿದರು. ಮುದ್ರಾರಾಕ್ಷಸ ನಾಟಕದಲ್ಲಿ ಚಾಣಕ್ಯನ ಗೂಢಚಾರನು ಯಮಪಟವನ್ನು ಹಿಡಿದು ಮನೆಮನೆಗೆ ಹೋಗುವುದನ್ನು ವಾಚಕರು ಸ್ಮರಿಸಬಹುದು. ಕನ್ನಡನಾಡಿನ ಕಡತವಂತೂ ಬಲು ಜಾಣತನದ ವಸ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಗಟ್ಟಿಮಾಡಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬಿಡಿಸಿದರೆ ಮಾರುದ್ದ, ಮಡಿಸಿದರೆ ಕಂಕುಳಿನಲ್ಲಿ ಹಿಡಿಯುವಷ್ಟು. ಅಲ್ಲಿ ಮಡಿಕೆಯುಂಟು, ಬೆಸುಗೆಯಿಲ್ಲ. ಆದರೆ ಬಟ್ಟೆಯ ಮೇಲೆ ಬರೆದ ಕಡತವಾಗಲಿ ಪಟವಾಗಲಿ ಒಂದೇ ಪ್ರತಿ. ಅದೇ ಚಿತ್ರವು ಏಳುನೂರು ಊರುಗಳಲ್ಲಿ ಏಕಕಾಲಕ್ಕೆ ಕಾಣಬೇಕೆಂದರೆ ಅಚ್ಚುಹಲಗೆಯೂ ಕಾಗದವೂ ಬೇಕು. ಅವು ಬೇಕೆಂದರೆ ತುಂಡುಗಳನ್ನು ಕೂಡಿಸುವ ಕಷ್ಟವನ್ನು ಒಪ್ಪಿಕೊಳ್ಳಬೇಕು.

ಆ ಕಷ್ಟವನ್ನು ಮೊದಮೊದಲು ಹೊತ್ತವರಲ್ಲಿ ವೆನಿಸ್ಸಿನಲ್ಲಿ ನೆಲಸಿದ್ದ ಆಂಟನ್ ಕೋಲ್ಬ್ ಎಂಬ ನ್ಯೂರೆಂಬರ್ಗಿನ ವರ್ತಕನು ಒಬ್ಬನು. ಯಾಕೊಪೊ ದೆ ಬಾರ್ಬರಿ ಎಂಬ ಚಿತ್ರಕಾರನಿಂದ ವೆನಿಸ್ ನಗರವನ್ನು ಆಕಾಶದಲ್ಲಿ ಹಾರುವ ಹಕ್ಕಿಯು ಕಂಡಂತೆ ಬರೆಸಿ, ಆರು ಹಲಗೆಗಳಲ್ಲಿ ಕೆತ್ತಿಸಿ, ೧೫೦೦ರಲ್ಲಿ ಅವನು ಪ್ರಕಟಿಸಿದನು. ಆರು ಹಾಳೆಗಳನ್ನು ಕೂಡಿಸಿದರೆ ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಎತ್ತರ. ಒಂದೊಂದು ಹಾಳೆಯೂ ಬೊಲೋನ್ಯದ ಇಂಪೀರಿಯಲ್ಲನ್ನು ಮೀರಿದುದು. ಮೂರು ವರ್ಷಗಳ ದುಡಿಮೆಯೆಂದೂ, ಇಷ್ಟು ದೊಡ್ಡ ಕಾಗದಗಳೂ ಅಚ್ಚುಗಳೂ ಹೊಸತೆಂದೂ, ಒಂದು ಪ್ರತಿಯನ್ನು ಮೂರು ಫ್ಲಾರಿನ್ನಿಗೆ ಕಡಮೆಯಾಗಿ ಮಾರಲಾಗದೆಂದೂ ಅವನು ವೆನಿಸ್ಸಿನ ಪ್ರಭುತ್ವಕ್ಕೆ ಅರ್ಜಿಮಾಡಿಕೊಂಡನು. ಕಾಗದದ ಅಳತೆಯು ವ್ಯಾಪಾರಿಯ ಅಳಲಾಗಿ ಸರಕಾರದ ದಫ್ತರಕ್ಕೆ ಏರಿದುದು ಹೀಗೆ. ಏಳು ವರ್ಷಗಳ ತರುವಾಯ ಲೊರೇನ್ ಪ್ರಾಂತದ ಸಾನ್-ದಿಯೆ ಎಂಬ ಚಿಕ್ಕ ಊರಿನಲ್ಲಿ ಮಾರ್ಟಿನ್ ವಾಲ್ಡ್‌ಸೇಮ್ಯೂಲರ್ ಎಂಬಾತನು ಹನ್ನೆರಡು ಹಾಳೆಗಳ ಒಂದು ಭೂಪಟವನ್ನು ಅಚ್ಚುಹಾಕಿಸಿದನು. ಅದರ ಕಥೆಯನ್ನು ಕೊನೆಯಲ್ಲಿ ಹೇಳುವುದು ಯುಕ್ತ.

ಇನ್ನು ಮ್ಯಾಕ್ಸಿಮಿಲಿಯನ್ನನ ವಿಷಯ. ಬದುಕಿರುವಾಗಲೇ ತನ್ನ ಸ್ಮಾರಕವನ್ನು ಮಾಡಿಕೊಳ್ಳದವನನ್ನು ಲೋಕವು ಮರೆತುಬಿಡುವುದೆಂಬುದು ಈ ದೊರೆಯ ದೃಢವಾದ ನಂಬಿಕೆ. ಆದರೆ ಅವನ ಬೊಕ್ಕಸವು ಯಾವಾಗಲೂ ಬರಿದು. ಆಗ್ಸ್‌ಬರ್ಗಿನ ಸಾಹುಕಾರರ ಸಾಲದಲ್ಲಿಯೇ ಅವನ ಯುದ್ಧಗಳು ನಡೆಯುತ್ತಿದ್ದುವು. ಅವನಿಗೆ ಸ್ಥಿರವಾದ ರಾಜಧಾನಿಯೆಂಬುದೂ ಇರಲಿಲ್ಲ. ಊರಿನಿಂದ ಊರಿಗೆ ಪರಿವಾರಸಮೇತನಾಗಿ ತಿರುಗುತ್ತಿದ್ದನು. ಇಂಥವನಿಗೆ ಒಂದೇ ಸ್ಥಳದಲ್ಲಿ ಕಲ್ಲಿನ ದ್ವಾರವನ್ನು ಕಟ್ಟಿಸುವುದಕ್ಕಿಂತ, ಸುರುಳಿಸುತ್ತಿ ಕುದುರೆಯ ಮೇಲೆ ಕಳುಹಿಸಬಹುದಾದ ದ್ವಾರವೇ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. ಸಾಮ್ರಾಜ್ಯದ ಸಾಮಂತರೂ ನಗರಸಭೆಗಳೂ ಇದನ್ನು ತಮ್ಮ ಸಭಾಮಂದಿರಗಳ ಗೋಡೆಗಳಲ್ಲಿ ಹಚ್ಚಿಕೊಳ್ಳಬೇಕು, ಬಂದವರೆಲ್ಲರೂ ತಲೆಯೆತ್ತಿ ನೋಡಬೇಕು ಎಂಬುದು ಉದ್ದೇಶ. ಮೊದಲನೆಯ ಮುದ್ರಣದಲ್ಲಿ ಸುಮಾರು ೭೦೦ ಪ್ರತಿಗಳನ್ನು ತೆಗೆದರು.

ಕೆಲಸವು ಹಲವರ ಕೈಗಳಲ್ಲಿ ಹಂಚಿಹೋಗಿದ್ದಿತು. ಯಾವ ಭಾಗದಲ್ಲಿ ಏನಿರಬೇಕೆಂಬ ಕಲ್ಪನೆಯು ಆಸ್ಥಾನದ ಚರಿತ್ರಕಾರನೂ ಗಣಿತಜ್ಞನೂ ಆದ ಯೋಹಾನೆಸ್ ಸ್ಟಾಬಿಯಸನದು. ಕಟ್ಟಡದ ಒಟ್ಟು ವಿನ್ಯಾಸವು ಇನ್ಸ್‌ಬ್ರುಕ್ಕಿನ ಆಸ್ಥಾನ ಚಿತ್ರಕಾರನಾದ ಯಾರ್ಗ್ ಕೋಲ್ಡರರನದು. ಚಿತ್ರಗಳನ್ನು ರಚಿಸುವ ಹೊಣೆಯು ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರನಿಗೆ ಬಂದಿತು. ಮ್ಯಾಕ್ಸಿಮಿಲಿಯನ್ ೧೫೧೨ರಲ್ಲಿ ಆ ಊರಿಗೆ ಬಂದಿದ್ದಾಗ ಅವರಿಬ್ಬರ ಸಂಬಂಧವು ಬೆಳೆಯಿತು. ಡ್ಯೂರರನು ತನ್ನ ಶಿಷ್ಯವರ್ಗದ ಹಾನ್ಸ್ ಸ್ಪ್ರಿಂಗಿನ್‌ಕ್ಲೀ, ವೋಲ್ಫ್ ಟ್ರೌಟ್ ಇವರಿಗೂ ಪಾಲುಕೊಟ್ಟನು. ಇಕ್ಕೆಲಗಳ ದುಂಡು ಗೋಪುರಗಳು ರೇಗನ್ಸ್‌ಬರ್ಗಿನ ಆಲ್ಟ್‌ಡಾರ್ಫರನ ಕೈಯವು. ಈ ಎಲ್ಲರ ರೇಖೆಗಳನ್ನೂ ಮರದಲ್ಲಿ ಬಿಡಿಸಿದವನು ಹಿರೊನಿಮಸ್ ಆಂಡ್ರೆ ಎಂಬ ಕೆತ್ತನೆಗಾರನು. ಚಕ್ರವರ್ತಿಯು ನ್ಯೂರೆಂಬರ್ಗಿನಲ್ಲಿದ್ದಷ್ಟು ದಿನವೂ ಅವನ ಕೆಲಸವನ್ನು ನೋಡಲು ಅವನ ಓಣಿಗೆ ಗಾಡಿಯೇರಿ ಹೋಗುತ್ತಿದ್ದನೆಂದೂ, ಚಕ್ರವರ್ತಿಯ ಸವಾರಿ ಮತ್ತೆ ಆ ಓಣಿಗೇ ಹೊರಟಿತೆಂಬುದು ಊರಿನಲ್ಲಿ ಒಂದು ಗಾದೆಯೇ ಆಗಿಹೋಯಿತೆಂದೂ ಅದೇ ನಗರದ ನಾಯ್ಡೋರ್ಫರನು ೧೫೪೭ರಲ್ಲಿ ಬರೆದಿಟ್ಟಿರುವನು. ದ್ವಾರದ ಬುಡದ ಬಲಗಡೆಯ ಮೆಟ್ಟಿಲಿನ ಮೇಲೆ ಮೂವರ ಲಾಂಛನಗಳಿರುವುವು. ಸ್ಟಾಬಿಯಸನದು ದೊಡ್ಡದು, ಕೋಲ್ಡರರನದು ಅದಕ್ಕಿಂತ ಚಿಕ್ಕದು, ಡ್ಯೂರರನದು ಎಲ್ಲಕ್ಕಿಂತ ಚಿಕ್ಕದು. ಅಂದಿನ ಮರ್ಯಾದೆಯ ತಾರತಮ್ಯವು ಹಾಗಿದ್ದಿತು. ಕೆತ್ತಿದವನಿಗೆ ಲಾಂಛನವೇ ಇಲ್ಲ.

ಇನ್ನು ಚಿತ್ರದ ಒಳಗನ್ನು ನೋಡುವ. ನಡುವಣ ಬಾಗಿಲಿಗೆ ಕೀರ್ತಿ ಮತ್ತು ಅಧಿಕಾರದ ಬಾಗಿಲೆಂದು ಹೆಸರು. ಅದರ ಒಂದು ಪಕ್ಕದಲ್ಲಿ ಸ್ತುತಿಯ ಬಾಗಿಲು, ಇನ್ನೊಂದು ಪಕ್ಕದಲ್ಲಿ ಕುಲೀನತೆಯ ಬಾಗಿಲು. ನಡುವಣ ಬಾಗಿಲ ಮೇಲೆ ವಂಶವೃಕ್ಷವು ಏರಿಹೋಗಿದ್ದು, ಅದರ ಬುಡದಲ್ಲಿ ಟ್ರಾಯ್ ಮೊದಲಾದ ಮೂರು ದೇಶಗಳು ಸ್ತ್ರೀರೂಪದಲ್ಲಿ ಕುಳಿತಿರುವುವು; ಹ್ಯಾಪ್ಸ್‌ಬರ್ಗ್ ಮನೆತನವು ಟ್ರಾಯ್ ನಗರದ ವೀರರಿಂದ ಇಳಿದು ಬಂದಿತೆಂಬುದು ಇದರ ತಾತ್ಪರ್ಯ. ಶಾಸನಗಳನ್ನು ಓದಿ ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ. ಹೊಯ್ಸಳರ ಪ್ರಶಸ್ತಿಗಳು ಯದುವಿನ ಹೆಸರನ್ನೆತ್ತದೆ ಮುಂದಕ್ಕೆ ಹೆಜ್ಜೆಯಿಡುವುದುಂಟೆ? ರಾಜರ ಪೂರ್ವಿಕರು ಎಲ್ಲ ದೇಶಗಳಲ್ಲಿಯೂ ಕವಿಗಳಿಗೆ ಋಣಿಗಳು. ಶಿಖರದ ಮಂಟಪದಲ್ಲಿ ಚಕ್ರವರ್ತಿಯು ಸಿಂಹ, ನಾಯಿ, ಹುಂಜ, ಕೊಕ್ಕರೆ, ಸರ್ಪ ಮೊದಲಾದ ಪ್ರಾಣಿಗಳ ನಡುವೆ ಕುಳಿತಿರುವನು. ಈಜಿಪ್ಟಿನ ಚಿತ್ರಲಿಪಿಯಲ್ಲಿ ಈ ಒಂದೊಂದು ಪ್ರಾಣಿಯೂ ಒಂದೊಂದು ಗುಣಕ್ಕೆ ಸಂಕೇತವೆಂದು ಹೋರಪೋಲ್ಲೊ ಎಂಬವನ ಗ್ರೀಕ್ ಗ್ರಂಥದಲ್ಲಿ ಹೇಳಿದ್ದಿತು. ಡ್ಯೂರರನ ಮಿತ್ರನೂ ಪಂಡಿತನೂ ಆದ ಪಿರ್ಕ್‌ಹೈಮರನು ಅದನ್ನು ಲ್ಯಾಟಿನ್ನಿಗೆ ತಿರುಗಿಸಿ ಈ ಮಂಟಪಕ್ಕೆ ಅಳವಡಿಸಿಕೊಟ್ಟನು. ೧೮೨೨ರಲ್ಲಿ ಷಾಂಪೋಲಿಯನ್ ಆ ಲಿಪಿಯ ನಿಜವಾದ ಕೀಲಿಯನ್ನು ಕಂಡುಹಿಡಿದ ಮೇಲೆ, ಅದು ಬಹುಮಟ್ಟಿಗೆ ಧ್ವನಿಗಳನ್ನು ಸೂಚಿಸುವ ಬರಹವೆಂದು ತಿಳಿದುಬಂದಿತು. ಮುನ್ನೂರು ವರ್ಷಗಳ ಕಾಲ ವಿದ್ವಾಂಸರು ಆ ಕೊಕ್ಕರೆಯನ್ನು ಎಚ್ಚರಿಕೆಯ ಚಿಹ್ನೆಯೆಂದು ಓದಿ ತಲೆದೂಗಿದ್ದರು.

ಒಟ್ಟು ಚಿತ್ರವು ಸುಂದರವೆ? ಹಾಗೆಂದು ಹೇಳುವುದು ಕಷ್ಟ. ಡ್ಯೂರರನ ಬಿಡಿಚಿತ್ರಗಳಲ್ಲಿ ಕಾಣುವ ಗಾಂಭೀರ್ಯವು ಇದರಲ್ಲಿಲ್ಲ. ಎಲ್ಲಿ ನೋಡಿದರೂ ತುಂಬಿ ತುಳುಕುವ ಅಲಂಕಾರ. ಒಂದು ಅಂಗುಲವನ್ನೂ ಬರಿದಾಗಿ ಬಿಟ್ಟಿಲ್ಲ. ಎತ್ತರದಲ್ಲಿರುವ ಸಣ್ಣ ಅಕ್ಷರಗಳನ್ನು ಕೆಳಗೆ ನಿಂತವನು ಓದಲಾರನು. ಓದುವಷ್ಟು ಹತ್ತಿರ ಹೋದರೆ ದ್ವಾರವೇ ಕಾಣಿಸದು. ಕಾದಂಬರಿಯ ದೀರ್ಘ ಸಮಾಸಗಳಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಯ ಪಾಡು ಇದನ್ನು ನೋಡುವವನದು. ಆದರೆ ಆ ಸಮಾಸಗಳಂತೆಯೇ ಇದನ್ನೂ ಬಿಡಿಸಿ ಬಿಡಿಸಿ ನೋಡಿದರೆ ಒಂದೊಂದು ಅವಯವದಲ್ಲಿಯೂ ಕೈಚಳಕವು ಹೊಳೆಯುವುದು.

ಕೂಡಿಸುವ ಕ್ರಮವನ್ನು ಕುರಿತು ಎರಡು ಮಾತು. ಇಲ್ಲಿ ಎರಡು ಬಗೆಯ ಸಂಧಿಗಳಿರುವುವು. ಒಂದು ಹಲಗೆಗೂ ಹಲಗೆಗೂ ನಡುವಣದು, ಇನ್ನೊಂದು ಹಾಳೆಗೂ ಹಾಳೆಗೂ ನಡುವಣದು. ೧೯೫ ಹಲಗೆಗಳನ್ನು ೩೬ ಹಾಳೆಗಳಿಗೆ ಹಂಚಿದರೆ ಸರಾಸರಿ ಹಾಳೆಗೆ ಐದಾರು ಹಲಗೆಗಳು ಬೀಳುವುವು. ಅವುಗಳನ್ನು ಚೌಕಟ್ಟಿನಲ್ಲಿ ಒತ್ತೊತ್ತಾಗಿ ಬಿಗಿದು ಮಸಿ ಬಳಿದು ಒತ್ತಬೇಕು. ಚಿಕ್ಕ ಹಲಗೆಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು: ಹಲವರು ಏಕಕಾಲದಲ್ಲಿ ಕೆತ್ತಬಹುದು, ಒಂದು ಹಲಗೆಯು ಸೀಳಿದರೆ ಅಥವಾ ಚಕ್ರವರ್ತಿಯ ಮನಸ್ಸು ಬದಲಾಯಿಸಿದರೆ ಅದೊಂದನ್ನೇ ತೆಗೆದು ಬೇರೆಯದನ್ನು ಇಡಬಹುದು. ಆದರೆ ಮರವು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತು. ಎಷ್ಟೇ ಬಿಗಿದರೂ ನಡುವೆ ಕೂದಲೆಳೆಯ ಬಿಳಿಗೆರೆಯೊಂದು ಉಳಿಯುವುದು. ಕಂಬದ ಅರ್ಧವು ಒಂದು ಹಲಗೆಯಲ್ಲಿ, ಇನ್ನರ್ಧವು ಮತ್ತೊಂದರಲ್ಲಿ ಬಂದಾಗ ರೇಖೆಯು ರೇಖೆಯನ್ನು ಮುಟ್ಟದಿದ್ದರೆ ಕಂಬವೇ ಮುರಿದಂತೆ ಕಾಣುವುದು.

ಹಾಳೆಗಳ ಸಂಧಿಯಲ್ಲಿ ಕಷ್ಟವು ಇನ್ನೂ ಹೆಚ್ಚು. ಅಚ್ಚಾದ ಹಾಳೆಯ ಸುತ್ತ ಬರಿಯ ಅಂಚು ಇರುವುದು. ಕೂಡುವ ಎರಡು ಅಂಚುಗಳಲ್ಲಿ ಒಂದನ್ನು ಚಿತ್ರದ ಗೆರೆಗೆ ಸರಿಯಾಗಿ ಕತ್ತರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಅದರ ಮೇಲೆ ಅಂಟನ್ನು ಬಳಿದು, ಕತ್ತರಿಸಿದುದನ್ನು ಮೇಲೆ ಕೂರಿಸಬೇಕು. ಕೆಳಗಿನ ಅಂಚು ಕಣ್ಣಿಗೆ ಮರೆಯಾಗಿ ಮೇಲಿನದು ನಿಲ್ಲುವುದು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ಲೋಪಸಂಧಿ. ಒದ್ದೆಯಾದ ಕಾಗದವು ಹಿಗ್ಗುವುದರಿಂದ, ಒಣಗಿರುವಾಗ ಸರಿಹೊಂದಿದ ಗೆರೆಗಳು ಅಂಟು ತಾಗಿದೊಡನೆ ತಪ್ಪಿಹೋಗುವುವು. ಅನುಭವಶಾಲಿಯು ಎಲ್ಲ ಹಾಳೆಗಳನ್ನೂ ಒಂದೇ ಹದಕ್ಕೆ ನೆನೆಯಬಿಟ್ಟು, ಎಲ್ಲವೂ ಸಮನಾಗಿ ಹಿಗ್ಗಿದ ಮೇಲೆ ಹಚ್ಚುವನು.

ಚಕ್ರವರ್ತಿಯ ಕೀರ್ತಿಗಾಗಿ ದುಡಿದ ಡ್ಯೂರರನ ಕೂಲಿಯ ಕಥೆಯು ಅಷ್ಟು ಸುಖಕರವಲ್ಲ. ಮೂರು ವರ್ಷಗಳಿಂದ ಸ್ವಂತ ಹಣವನ್ನು ವೆಚ್ಚಮಾಡಿಕೊಂಡು ಸೇವೆಮಾಡಿರುವೆನೆಂದು ೧೫೧೫ರಲ್ಲಿ ಅವನು ನಗರದ ಪ್ರತಿನಿಧಿಯೊಬ್ಬನಿಗೆ ಕಾಗದ ಬರೆದನು. ಅದೇ ವರ್ಷ ಮ್ಯಾಕ್ಸಿಮಿಲಿಯನ್ ಅವನಿಗೆ ವರ್ಷಕ್ಕೆ ೧೦೦ ಫ್ಲಾರಿನ್ ವರ್ಷಾಶನವನ್ನು ಗೊತ್ತುಮಾಡಿದನು. ಆದರೆ ಹಣವು ಬರಬೇಕಾದುದು ಬೊಕ್ಕಸದಿಂದಲ್ಲ. ನ್ಯೂರೆಂಬರ್ಗ್ ನಗರವು ಚಕ್ರವರ್ತಿಗೆ ಸಲ್ಲಿಸತಕ್ಕ ಕಂದಾಯದಿಂದ ಕಡಿದು ಕೊಡಬೇಕು. ೧೫೧೯ರ ಜನವರಿ ೧೨ರಲ್ಲಿ ಚಕ್ರವರ್ತಿಯು ತೀರಿಕೊಂಡನು. ಹೊಸ ದೊರೆಯ ಅಪ್ಪಣೆಯಿಲ್ಲದೆ ಕೊಡಲಾಗದೆಂದು ನಗರಸಭೆಯವರು ಕೈಕಟ್ಟಿ ಕುಳಿತರು. ನಲವತ್ತೊಂಬತ್ತು ವರ್ಷದ ಚಿತ್ರಕಾರನು ೧೫೨೦ರ ಬೇಸಗೆಯಲ್ಲಿ ಹೆಂಡತಿಯನ್ನು ಕರೆದುಕೊಂಡು, ತನ್ನ ಅಚ್ಚಿನ ಚಿತ್ರಗಳ ಕಟ್ಟನ್ನು ದಾರಿಯ ಖರ್ಚಿಗಾಗಿ ಹೊತ್ತು, ನೆದರ್ಲೆಂಡ್ಸಿಗೆ ಹೊರಟನು. ಐದನೆಯ ಚಾರಲ್ಸ್ ಆಖೆನ್ ನಗರದಲ್ಲಿ ಪಟ್ಟವೇರಿದ ಮೇಲೆ, ನವೆಂಬರಿನಲ್ಲಿ ಕಲೋನಿನಲ್ಲಿ ಆ ಅಪ್ಪಣೆಯು ಕೈಸೇರಿತು. ಬಹಳ ಪ್ರಯಾಸದಿಂದ ದೊರಕಿತೆಂದು ಅವನೇ ದಿನಚರಿಯಲ್ಲಿ ಗುರುತುಮಾಡಿಕೊಂಡಿರುವನು. ಸರಕಾರದಿಂದ ಬರಬೇಕಾದ ವೇತನಕ್ಕಾಗಿ ಕಚೇರಿಯ ಮೆಟ್ಟಿಲನ್ನು ತುಳಿದವರಿಗೆ ಈ ವಾಕ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಈ ದ್ವಾರಕ್ಕೆ ಜೊತೆಯಾಗಿ ಒಂದು ವಿಜಯಯಾತ್ರೆಯನ್ನೂ ಚಕ್ರವರ್ತಿಯು ಕೆತ್ತಿಸುತ್ತಿದ್ದನು. ಅದು ೧೩೦ಕ್ಕೂ ಹೆಚ್ಚು ಹಲಗೆಗಳ ಮೆರವಣಿಗೆ. ಎಲ್ಲವನ್ನೂ ಸಾಲಾಗಿ ಕೂಡಿಸಿದರೆ ೫೪ ಮೀಟರು ಉದ್ದ. ಚಕ್ರವರ್ತಿಯ ಮರಣದಿಂದ ಕೆಲಸವು ನಿಂತು, ಆದಷ್ಟನ್ನು ಅವನ ಮೊಮ್ಮಗನಾದ ಫರ್ಡಿನೆಂಡನು ೧೫೨೬ರಲ್ಲಿ ಅಚ್ಚುಹಾಕಿಸಿದನು. ಇದರ ಕೊನೆಯ ಭಾಗದಲ್ಲಿ, ಆಗ್ಸ್‌ಬರ್ಗಿನ ಹಾನ್ಸ್ ಬುರ್ಗ್‌ಮಾಯರನು ರಚಿಸಿದ ಹಲಗೆಗಳಲ್ಲಿ, ‘ಕಲ್ಲಿಕೋಟೆಯ ಜನ’ ಬರುವರು. ಆನೆಯೊಂದು ನಡೆಯುವುದು, ಅದರ ಹಿಂದೆ ಗಂಡಸರೂ ಹೆಂಗಸರೂ ಮಕ್ಕಳೂ ದನಕುರಿಗಳೂ. ಆದರೆ ಅವರಲ್ಲಿ ಕೆಲವರು ಗರಿಯ ಲಂಗಗಳನ್ನುಟ್ಟು, ಮುಸುಕಿನ ಜೋಳದ ತೆನೆಗಳನ್ನು ಹಿಡಿದಿರುವರು! ಅವರು ಮಲೆಯಾಳದವರಲ್ಲ, ಅಮೆರಿಕಾ ಖಂಡದ ಬ್ರೆಜಿಲಿನವರು. ಹೊಸದಾಗಿ ಕಂಡ ಎರಡು ದಿಕ್ಕುಗಳ ಜನರನ್ನು ಜರ್ಮನ್ ಚಿತ್ರಕಾರನು ಒಂದೇ ಹಗ್ಗದಲ್ಲಿ ಕಟ್ಟಿದನು. ಹಾಗೆಂದು ಅವನು ಬರಿಯ ಕಲ್ಪನೆಯ ಮೇಲೆ ಬರೆದವನಲ್ಲ. ಆಗ್ಸ್‌ಬರ್ಗಿನ ವೆಲ್ಸರ್ ಸಾಹುಕಾರರ ಗುಮಾಸ್ತೆಯಾದ ಬಾಲ್ತಸಾರ್ ಸ್ಪ್ರಿಂಗರನು ೧೫೦೫ರಲ್ಲಿ ಪೋರ್ತುಗೀಸರ ಅಲ್ಮೇಡನ ನೌಕಾಬಲದೊಡನೆ ನಮ್ಮ ಪಶ್ಚಿಮ ಕರಾವಳಿಗೆ ಬಂದು ಹೋಗಿದ್ದನು. ಅವನು ತಂದ ವಿವರಗಳನ್ನು ಅನುಸರಿಸಿ ಬುರ್ಗ್‌ಮಾಯರನು ೧೫೦೮ರಲ್ಲಿಯೇ ಆಫ್ರಿಕಾ, ಅರೇಬಿಯ, ಇಂಡಿಯಾ ದೇಶಗಳ ಜನರನ್ನೂ ಕೊಚ್ಚಿಯ ಅರಸನ ಮೆರವಣಿಗೆಯನ್ನೂ ಹಲವು ಹಲಗೆಗಳ ಒಂದು ನೀಳಪಟ್ಟಿಯಾಗಿ ಅಚ್ಚುಹಾಕಿದ್ದನು. ಆ ಅಲ್ಮೇಡನ ನೌಕಾಬಲವೇ ಅದೇ ವರ್ಷ ಕಾರವಾರದ ದಕ್ಷಿಣಕ್ಕಿರುವ ಅಂಜದೀವ ದ್ವೀಪದಲ್ಲಿ ಕೋಟೆಯನ್ನೆಬ್ಬಿಸಿ, ಹೊನ್ನಾವರದ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟುದು. ಹೊನ್ನಾವರದಲ್ಲಿ ಹೊಗೆಯೆದ್ದ ಮೂರು ವರ್ಷಗಳಲ್ಲಿ ಆಗ್ಸ್‌ಬರ್ಗಿನಲ್ಲಿ ಹಾಳೆಗೆ ಹಾಳೆ ಕೂಡಿಸಿದ ಇಂಡಿಯಾ ಮಾರಾಟಕ್ಕೆ ಬಂದಿದ್ದಿತು. ಆ ಪಟ್ಟಿಯಲ್ಲಿ ಹೊಗೆಯನ್ನು ಕಾಣಿಸಿಲ್ಲ.

ಮುಂದಿನ ಮುನ್ನೂರು ವರ್ಷಗಳನ್ನು ಬೇಗನೆ ದಾಟಬಹುದು. ೧೭೯೮ರಲ್ಲಿ ಫ್ರಾನ್ಸಿನ ಲೂಯಿ ರಾಬೆರ್ ಎಂಬವನು ಎಡೆಬಿಡದೆ ಕಾಗದವನ್ನು ಹೊರಡಿಸುವ ಯಂತ್ರವನ್ನು ಕಲ್ಪಿಸಿದನು. ಕೂಲಿಯ ತೋಳಿನ ಮೇರೆಯು ಅಳಿಯಿತು. ಅದೇ ಸುಮಾರಿಗೆ ಮ್ಯೂನಿಕ್ಕಿನ ಸೆನೆಫೆಲ್ಡರನು ಕಲ್ಲಚ್ಚನ್ನು ಕಂಡುಹಿಡಿದನು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮುದ್ರಣಾಲಯವನ್ನು ತೆರೆದುದು ಈ ಕಲ್ಲಚ್ಚಿನಿಂದಲೇ. ಮೋಗ್ಲಿಂಗ್ ಪಾದ್ರಿಗಳ ‘ಮಂಗಳೂರ ಸಮಾಚಾರ’ವು ೧೮೪೩ರಲ್ಲಿ ಕಲ್ಲಿನ ಮೇಲಿನಿಂದಲೇ ಕನ್ನಡಿಗರ ಕೈಗೆ ಇಳಿಯಿತು. ಕಾಗದವು ಉದ್ದವಾಗಿ ಬಂದರೂ ಕಲ್ಲು ಮಾತ್ರ ಎತ್ತುವಷ್ಟೇ ದೊಡ್ಡದಿರಬೇಕಾದುದರಿಂದ, ಭಿತ್ತಿಪತ್ರಗಳ ಕಾಲವು ಬಂದಾಗಲೂ ತುಂಡುಗಳ ಕಷ್ಟವು ತಪ್ಪಲಿಲ್ಲ. ಪ್ಯಾರಿಸಿನಲ್ಲಿ ೧೮೯೧ರಲ್ಲಿ ತುಲೂಸ್-ಲೋತ್ರೆಕ್ ಎಂಬ ಚಿತ್ರಕಾರನು ‘ಮೂಲಾಂ ರೂಜ್’ ಎಂಬ ನೃತ್ಯಶಾಲೆಗಾಗಿ ಬರೆದ ಆರಡಿಗೆ ಮೀರಿದ ಭಿತ್ತಿಪತ್ರವು ಮೂರು ಹಾಳೆಗಳದು. ಎರಡು ದೊಡ್ಡವು, ಮೇಲ್ತುದಿಗೆ ಒಂದು ಚಿಕ್ಕ ಪಟ್ಟಿ. ಉಳಿದು ಬಂದಿರುವ ಪ್ರತಿಗಳಲ್ಲಿ ಕೆಲವಕ್ಕೆ ಆ ಮೇಲಿನ ಪಟ್ಟಿಯೇ ಇಲ್ಲ. ಅಂಟಿಸುವವನ ಕೈಗೆ ಅದು ಸಿಕ್ಕದೆ ಹೋಯಿತೋ, ಗೋಡೆಯಿಂದ ಕಿತ್ತವನ ಕೈಯಿಂದ ಜಾರಿತೋ!

ಇಂಗ್ಲೆಂಡಿನವರು ಈ ತುಂಡುಗಳಿಗೆ ಒಂದು ಲೆಕ್ಕವನ್ನು ಕಟ್ಟಿದರು. ೨೦ ಅಂಗುಲ ಅಗಲ, ೩೦ ಅಂಗುಲ ಎತ್ತರದ ‘ಡಬಲ್ ಕ್ರೌನ್’ ಹಾಳೆಯೇ ಮಾನ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಇಟ್ಟರೆ ಹದಿನಾರು ಹಾಳೆಯ ಭಿತ್ತಿಪತ್ರ: ಆರು ಅಡಿ ಎಂಟು ಅಂಗುಲ ಅಗಲ, ಹತ್ತು ಅಡಿ ಎತ್ತರ. ಅಂತಹ ಮೂರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ನಲವತ್ತೆಂಟು ಹಾಳೆ, ಇಪ್ಪತ್ತು ಅಡಿ ಅಗಲ. ದೊಡ್ಡ ತುಂಡುಗಳಲ್ಲಿ ಅಚ್ಚುಹಾಕುವ ಕಾಲವು ಬಂದ ಮೇಲೆಯೂ, ಒಳಗಿನ ತುಂಡುಗಳು ಎಷ್ಟೇ ಇರಲಿ, ಹೆಸರು ಮಾತ್ರ ಹದಿನಾರೇ, ನಲವತ್ತೆಂಟೇ. ಡಬಲ್ ಕ್ರೌನಿನ ಅರ್ಧವಾದ ಕ್ರೌನು ನಮ್ಮ ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ‘ಕ್ರೌನ್ ೧/೮’ ಎಂದು ಅಚ್ಚಾಗುವ ಅಳತೆಯೇ. ಕನ್ನಡದ ಮೊದಲ ಮಾತಿನ ಚಿತ್ರವಾದ ‘ಸತೀ ಸುಲೋಚನ’ವು ೧೯೩೪ರಲ್ಲಿ ಬಂದ ತರುವಾಯ ದಶಕಗಳ ಕಾಲ ನಮ್ಮ ಊರುಗಳ ಗೋಡೆಗಳು ಹಲವು ಹಾಳೆಗಳ ನಾಯಕನಾಯಕಿಯರನ್ನು ಹೊತ್ತಿದ್ದುವು. ಏಣಿ, ಮೈದಾಗಂಜಿಯ ಬಕೆಟ್ಟು, ಉದ್ದ ಹಿಡಿಯ ಕುಂಚ. ಹಚ್ಚುವವನ ಆಯುಧಗಳು ಇಷ್ಟೆ. ಕಸುಬು ಬಲ್ಲವನು ಕೆಳಸಾಲಿನಿಂದ ಪ್ರಾರಂಭಿಸಿ, ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಬರುವಂತೆ ಹಚ್ಚುವನು. ಹೆಂಚಿನ ಮಾಡಿನ ಕ್ರಮವೇ ಇದು. ಇಲ್ಲದಿದ್ದರೆ ಮಳೆಯ ನೀರು ಸಂಧಿಯೊಳಗೆ ನುಗ್ಗಿ ಬೆಳಗಾಗುವುದರೊಳಗೆ ನಾಯಕನ ತಲೆಯು ಅವನ ಎದೆಯ ಮೇಲೆ ಜೋತುಬೀಳುವುದು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಫ್ಲೆಕ್ಸ್ ಎಂಬ ಪ್ಲಾಸ್ಟಿಕ್ ಬಟ್ಟೆಯ ಮೇಲೆ ಇಡಿಯ ಚಿತ್ರವನ್ನೇ ಮುದ್ರಿಸುವ ಯಂತ್ರಗಳು ಹಬ್ಬಿ, ಈ ಸಂಧಿಕಾರ್ಯವು ಬೀದಿಯಿಂದ ಬಹುಮಟ್ಟಿಗೆ ಮರೆಯಾಯಿತು. ಅದು ಈಗ ಮನೆಯೊಳಗೆ ಹೊಕ್ಕಿರುವುದು. ಶಾಲೆಯ ಮಕ್ಕಳು ಗಣಕಯಂತ್ರದಲ್ಲಿ ಒಂದು ನಕ್ಷೆಯನ್ನು ತುಂಡುಮಾಡಿ, ಮನೆಯ ಪ್ರಿಂಟರಿನಿಂದ ಎ-೪ ಹಾಳೆಗಳನ್ನು ತೆಗೆದು ಕೂಡಿಸುವರು. ಹದಿನಾರು ಎ-೪ ಹಾಳೆಗಳು ಸೇರಿದರೆ ಸರಿಯಾಗಿ ಒಂದು ಎ-೦. ಆ ಪುಟ್ಟ ಯಂತ್ರವೂ ಹಾಳೆಯ ಅಂಚಿನವರೆಗೆ ಅಚ್ಚುಹಾಕಲಾರದಾದುದರಿಂದ, ಡ್ಯೂರರನ ಕಾಲದವರಂತೆಯೇ ಒಂದು ಅಂಚನ್ನು ಕತ್ತರಿಸಿ ಇನ್ನೊಂದನ್ನು ಅಡಿಗೆ ಬಿಡಬೇಕಾಗುವುದು.

ಇಷ್ಟು ಹಾಳೆಗಳು ಗೋಡೆಗಳಿಗೆ ಏರಿದುವಲ್ಲ, ಅವು ಏನಾದುವು? ಮ್ಯಾಕ್ಸಿಮಿಲಿಯನ್ನನ ೭೦೦ ದ್ವಾರಗಳಲ್ಲಿ ಪೂರ್ಣವಾಗಿ ಉಳಿದಿರುವುವು ಕೆಲವೇ. ಹೊಗೆ, ತೇವ, ಹುಳು, ಸುಣ್ಣ ಬಳಿಯುವವನು ಇವರು ಉಳಿದವುಗಳನ್ನು ತೀರಿಸಿದರು. ಮರದ ಹಲಗೆಗಳು ಮಾತ್ರ ವಿಯೆನ್ನದಲ್ಲಿ ಬಹುಪಾಲು ಉಳಿದು ಬಂದುದರಿಂದ ೧೭೯೯ರಲ್ಲಿ ಬಾರ್ಚ್ ಎಂಬ ವಿದ್ವಾಂಸನು ಕಳೆದುಹೋದವುಗಳ ಬದಲು ಹೊಸದಾಗಿ ಕೆತ್ತಿ ಮತ್ತೊಮ್ಮೆ ಮುದ್ರಿಸಿದನು. ಚಕ್ರವರ್ತಿಯು ಹಣವಿಲ್ಲದೆಯೂ ಹಟದಿಂದ ಆರಂಭಿಸಿದ ಇನ್ನೊಂದು ಸ್ಮಾರಕವು ಇನ್ಸ್‌ಬ್ರುಕ್ಕಿನಲ್ಲಿರುವುದು: ಆಳೆತ್ತರಕ್ಕೆ ಮಿಗಿಲಾದ ೨೮ ಕಂಚಿನ ಪ್ರತಿಮೆಗಳು ಕಾಯುತ್ತಿರುವ ಸಮಾಧಿ. ಅದರೊಳಗೆ ಅವನ ದೇಹವಿಲ್ಲ. ಅವನನ್ನು ಹೂಳಿದುದು ವೀನರ್ ನ್ಯೂಸ್ಟಾಟಿನಲ್ಲಿ.

ವಾಲ್ಡ್‌ಸೇಮ್ಯೂಲರನ ಭೂಪಟಕ್ಕೆ ಒದಗಿದ ಗತಿಯು ಇದಕ್ಕಿಂತ ಕಠಿನವಾದುದು. ಹನ್ನೆರಡು ಹಾಳೆಗಳನ್ನು ಕೂಡಿಸಿದರೆ ಎಂಟಡಿ ಅಗಲ, ನಾಲ್ಕೂವರೆ ಅಡಿ ಎತ್ತರವಾಗುವ ಈ ಪಟದಲ್ಲಿ ಸಮುದ್ರದಾಚೆಯ ಹೊಸ ಖಂಡಕ್ಕೆ ಮೊತ್ತಮೊದಲು ‘ಅಮೆರಿಕಾ’ ಎಂಬ ಹೆಸರನ್ನಿಟ್ಟರು. ಸಾವಿರ ಪ್ರತಿಗಳು ಅಚ್ಚಾದುವೆಂದು ಅವನೇ ಹೇಳಿಕೊಂಡಿರುವನು. ೧೫೧೬ರಲ್ಲಿ ಮತ್ತೆ ಹನ್ನೆರಡು ಹಾಳೆಗಳ ಬೇರೊಂದು ಪಟವನ್ನು ಮಾಡಿದಾಗ ಅವನು ಆ ಹೆಸರನ್ನು ಕೈಬಿಟ್ಟನು. ಆದರೆ ಹೆಸರು ಲೋಕವನ್ನು ಬಿಡಲಿಲ್ಲ. ಸಾವಿರ ಪ್ರತಿಗಳನ್ನೂ ಜನರು ಕೊಂಡು, ಕೂಡಿಸಿ, ಗೋಡೆಗೆ ಹಚ್ಚಿ, ಹಳೆಯದಾದಾಗ ಕಿತ್ತೆಸೆದರು. ನಾಲ್ಕುನೂರು ವರ್ಷಗಳ ತರುವಾಯ ಒಂದೇ ಒಂದು ಪ್ರತಿಯೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

೧೯೦೧ರಲ್ಲಿ ಯೋಸೆಫ್ ಫಿಷರ್ ಎಂಬ ಜೆಸ್ಯುಯಿಟ್ ಉಪಾಧ್ಯಾಯರು ದಕ್ಷಿಣ ಜರ್ಮನಿಯ ವೋಲ್ಫೆಗ್ ಕೋಟೆಯ ಪುಸ್ತಕಭಂಡಾರದಲ್ಲಿ ಬೇರೆ ಏನನ್ನೋ ಹುಡುಕುತ್ತಿರುವಾಗ ಮರದ ರಟ್ಟಿನ ಒಂದು ದೊಡ್ಡ ಪುಸ್ತಕವು ಕೈಗೆ ಸಿಕ್ಕಿತು. ಅದು ಹದಿನಾರನೆಯ ಶತಮಾನದಲ್ಲಿ ನ್ಯೂರೆಂಬರ್ಗಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಯೋಹಾನೆಸ್ ಷೋನರನ ಪುಸ್ತಕ. ಷೋನರನಿಗೆ ಭೂಪಟದ ಅಕ್ಷಾಂಶರೇಖಾಂಶಗಳನ್ನು ಅಳೆಯಬೇಕಾಗಿದ್ದಿತೇ ಹೊರತು ಅದನ್ನು ಗೋಡೆಯಲ್ಲಿ ಮೆರೆಸುವ ಆಸೆಯಿರಲಿಲ್ಲ. ಹನ್ನೆರಡು ಹಾಳೆಗಳನ್ನೂ ಅಂಟಿಸದೆ, ಬಿಡಿಬಿಡಿಯಾಗಿಯೇ ಪುಸ್ತಕದಂತೆ ಹೊಲಿಸಿ, ಮೇಜಿನ ಮೇಲಿಟ್ಟುಕೊಂಡು, ಕೆಂಪು ಮಸಿಯ ಗೆರೆಗಳನ್ನು ಎಳೆದಿದ್ದನು. ೧೫೧೬ರ ಪಟವೂ, ಸ್ಟಾಬಿಯಸನೂ ಡ್ಯೂರರನೂ ಕೂಡಿ ೧೫೧೫ರಲ್ಲಿ ಪ್ರಕಟಿಸಿದ ನಕ್ಷತ್ರಪಟದ ಹಾಳೆಯೊಂದೂ ಅದರ ಜೊತೆಯಲ್ಲಿ ಇದ್ದುವು. ಗೋಡೆಗಾಗಿ ಹುಟ್ಟಿದ ಸಾವಿರದಲ್ಲಿ ಗೋಡೆಯನ್ನೇ ಕಾಣದ ಒಂದು ಉಳಿದಿದ್ದಿತು.

೨೦೦೩ರಲ್ಲಿ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ ಆ ಪಟವನ್ನು ಒಂದು ಕೋಟಿ ಡಾಲರಿಗೆ ಕೊಂಡಿತು. ಹನ್ನೆರಡು ಹಾಳೆಗಳನ್ನು ಗಾಳಿಯಾಡದ ಒಂದೇ ಪೆಟ್ಟಿಗೆಯೊಳಗೆ, ಸಾನ್-ದಿಯೆಯ ಮುದ್ರಕರು ಎಣಿಸಿದ್ದ ಕ್ರಮದಲ್ಲಿಯೇ, ಒಂದರ ಪಕ್ಕದಲ್ಲಿ ಒಂದರಂತೆ ಅಲ್ಲಿ ಜೋಡಿಸಿಟ್ಟರು. ಅಂಟನ್ನು ಮಾತ್ರ ಅವರೂ ಹಚ್ಚಲಿಲ್ಲ.